ನೆಲಕ್ಕೆ ಹಾಸಿದ ಮೆಥಡ್

ಅಂದು ಕಾನ್ಫರೆನ್ಸ್ ರೂಮಿನಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರು ನಾವು ಮೂವರೇ. ಒಬ್ಬರು ಈಗ ಸಿಯಾಟಲ್‌ನಲ್ಲಿದ್ದಾರೆ. ಇನ್ನೊಬ್ಬ, ನಮ್ಮ ಮ್ಯಾನೇಜರ್, ಇವತ್ತಿಗೂ ಅದನ್ನು ಹೊಸಬರಿಗೆಲ್ಲ ತಪ್ಪುತಪ್ಪಾಗಿ ಹೇಳುತ್ತಾನೆ. ಹಾಗಾಗಿ ಸರಿಯಾಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ನೆನೆದರೆ ಈಗಲೂ ಎದೆ ಸ್ವಲ್ಪ ಡವಗುಟ್ಟುತ್ತದೆ; ಅದನ್ನು ಓದುವವರು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ನಮ್ಮದು ಅಮೆರಿಕದ ಪೂರ್ವ ತೀರದ ಪಾರ್ಸಿಪನಿಯ ಆಫೀಸ್ ಪಾರ್ಕೊಂದರಲ್ಲಿರುವ ಸಣ್ಣ ಸಾಫ್ಟ್‌ವೇರ್ ಕಂಪನಿ. ಮನೆಗಳಿಗೆ ಹೀಟಿಂಗ್ ಆಯಿಲ್ ತುಂಬುವ ವ್ಯಾಪಾರಿಗಳಿಗೆ ಪ್ರೋಗ್ರಾಂ ಬರೆದುಕೊಡುತ್ತೇವೆ. ಇಲ್ಲಿನ ಎಷ್ಟೋ ಹಳೆಯ ಮನೆಗಳು ಚಳಿಗಾಲದಲ್ಲಿ ಬೆಚ್ಚಗಿರುವುದು ಬೇಸ್‌ಮೆಂಟಿನ ಟ್ಯಾಂಕಿನಲ್ಲಿರುವ ಎಣ್ಣೆ ಉರಿಯುವುದರಿಂದ. ಅದು ಮುಗಿಯುವ ಮೊದಲೇ ಟ್ರಕ್ ಬಂದು ತುಂಬಿಸಿ ಹೋಗಬೇಕು. ಇವತ್ತು ಯಾರ ಮನೆಗೆ, ನಾಳೆ ಯಾರ ಮನೆಗೆ ಎಂದು ಪ್ರತಿದಿನ ಬೆಳಗ್ಗೆ ಹೇಳುವುದು ನಮ್ಮ ಪ್ರೋಗ್ರಾಂ.

ಆ ತೀರ್ಮಾನವಷ್ಟೂ ಒಂದೇ ಮೆಥಡ್‌ನಲ್ಲಿತ್ತು. ಮೆಥಡ್ ಎಂದರೆ ಪ್ರೋಗ್ರಾಮಿನ ಒಂದು ತುಣುಕು. ಅದಕ್ಕೊಂದು ಹೆಸರು, ಅದಕ್ಕೊಂದು ಕೆಲಸ. ಪರದೆಯ ಮೇಲೆ ಒಂದೇ ನೋಟಕ್ಕೆ ಸಿಗುವಷ್ಟಿದ್ದರೆ ಚೆಂದ. ನಮ್ಮದು ಮೌಸಿನ ಚಕ್ರ ತಿರುಗಿಸುತ್ತಾ ಹೋದರೆ ಬೆರಳು ನೋಯುವಷ್ಟು ಉದ್ದವಿತ್ತು. ಹೊರಗೆ ಚಳಿ ಎಷ್ಟು, ಟ್ಯಾಂಕ್ ಎಷ್ಟು ದೊಡ್ಡದು, ಮನೆಯಲ್ಲಿ ವಯಸ್ಸಾದವರಿದ್ದಾರೆಯೇ, ಡ್ರೈವ್‌ವೇ ಏರನ್ನು ಟ್ರಕ್ ಹತ್ತಬಲ್ಲದೇ, ಹಿತ್ತಲಲ್ಲಿ ನಾಯಿ ಇದೆಯೇ, ಎಲ್ಲವೂ ಅದರೊಳಗೆ. ಹೀಗಿದ್ದರೆ ಹಾಗೆ ಮಾಡು ಎನ್ನುವ ಒಂದು ಇಫ್‌ನ ಹೊಟ್ಟೆಯಲ್ಲಿ ಇನ್ನೊಂದು ಇಫ್, ಅದರ ಹೊಟ್ಟೆಯಲ್ಲಿ ಮತ್ತೊಂದು. ನಾಯಿಯಂತೂ ಎಲ್ಲೆಂದರಲ್ಲಿ ಎದುರಾಗುತ್ತಿತ್ತು. ಎಣ್ಣೆಯ ಲೆಕ್ಕದ ಮಧ್ಯೆ ನಾಯಿ, ಚಳಿಯ ಲೆಕ್ಕದ ಮಧ್ಯೆ ನಾಯಿ.

ಅದನ್ನು ಬರೆದವರು ಮೈಸೂರಿನ ಕಡೆಯವರು, ಅರವತ್ತು ದಾಟಿದವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನಾನು ಹುಬ್ಬಳ್ಳಿಯವಳು, ಅದು ನನ್ನ ಬಾಯಿಗೆ ಬರಲಿಲ್ಲ. ಸರ್ ಎಂದೇ ಕರೆದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಸರ್‌ಗೆ ಬೇಕಾಗಿದ್ದುದು ಒಂದೇ: ಕೆಲಸ ಬಿಟ್ಟು ಹೋಗುವುದು. ದೇಶದ ಆಚೆ ತುದಿಯ ಸಿಯಾಟಲ್‌ನಲ್ಲಿರುವ ಮಗಳಿಗೆ ದಿನ ತುಂಬುತ್ತಿತ್ತು. ಹೆಂಡತಿ ಆಗಲೇ ಅಲ್ಲಿಗೆ ಹೋಗಿದ್ದರು. ಮಧ್ಯಾಹ್ನ ನಾವು ಮೈಕ್ರೋವೇವ್ ಮುಂದೆ ಡಬ್ಬಿ ಹಿಡಿದು ನಿಂತಿರುವಾಗ ಆಕೆಯ ಫೋನ್ ಬರುತ್ತಿತ್ತು, ಸರ್ ಸ್ಪೀಕರ್ ಹಾಕುತ್ತಿದ್ದರು.

"ಯಾವಾಗ್ರೀ ಬರೋದು? ಮೊಮ್ಮಗು ಗ್ರಾಜುಯೇಷನ್‌ಗಾ?"

"ಮೆಥಡ್ ಬಿಡ್ತಿಲ್ಲ ಕಣೇ."

"ನನ್ನನ್ನ ಕಟ್ಕೊಂಡ್ರೋ ಅದನ್ನ ಕಟ್ಕೊಂಡ್ರೋ?"

ಬಿಡದೇ ಇದ್ದದ್ದು ಮೆಥಡ್ ಅಲ್ಲ, ಮ್ಯಾನೇಜರ್. ಅವನ ಭಯಕ್ಕೂ ಅರ್ಥವಿತ್ತು. ಮೈ ಕೊರೆಯುವ ಚಳಿಯಲ್ಲಿ ಆ ಮೆಥಡ್ ತಪ್ಪು ಹೇಳಿದರೆ ಯಾರದೋ ಮನೆಯಲ್ಲಿ ನಲ್ಲಿ ಪೈಪುಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಸರಿಪಡಿಸಬಲ್ಲವರು ಸರ್ ಒಬ್ಬರೇ. ಅವನು ಕೊನೆಗೆ ನನ್ನನ್ನು ತೋರಿಸಿ ಒಂದು ಷರತ್ತು ಹಾಕಿದ. ಅವನ ಇಂಗ್ಲಿಷನ್ನು ನನಗೆ ತಿಳಿದ ಮಟ್ಟಿಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ: "ನೀವು ಬಾಯಿ ಬಿಡದೆ, ಇವಳೊಬ್ಬಳೇ ಅದನ್ನು ನನಗೆ ಅರ್ಥ ಮಾಡಿಸಿದ ದಿನ ನೀವು ಹೊರಡಬಹುದು."

ಅರ್ಥ ಮಾಡಿಸಬೇಕಾದರೆ ಮೊದಲು ನನಗೆ ಅರ್ಥವಾಗಬೇಕು. ಅರ್ಥವಾಗಬೇಕಾದರೆ ಅದನ್ನು ಸಣ್ಣ ಸಣ್ಣ ಮೆಥಡ್‌ಗಳಾಗಿ ಒಡೆಯಬೇಕು. ಹೋಗಲೇಬೇಕೆಂದು ಹಟ ಹಿಡಿದಿದ್ದ ಸರ್, ಒಡೆಯುವ ಮಾತಿಗೆ ಮಾತ್ರ ಒಪ್ಪಲಿಲ್ಲ.

"ಎಲ್ಲಾ ಒಂದೇ ಕಡೆ ಇದ್ರೆ ಕಣ್ಣಿಗೆ ಕಾಣುತ್ತೆ ಕಣಮ್ಮಾ. ನೀನು ಚೂರು ಚೂರು ಮಾಡಿ ಹತ್ತು ಕಡೆ ಬಚ್ಚಿಟ್ರೆ, ಅಕ್ಕಿ ಒಂದು ರೂಮಲ್ಲಿ, ಬೇಳೆ ಇನ್ನೊಂದು ರೂಮಲ್ಲಿ ಇಟ್ಟ ಹಾಗಾಗುತ್ತೆ."

"ಈಗ ಅಕ್ಕಿ ಬ್ಯಾಳಿ ಎಲ್ಲಾ ಒಂದ ಡಬ್ಬ್ಯಾಗ ಕಲತಾವಲ್ರಿ ಸರ."

"ಅದಕ್ಕೇ ಬಿಸಿಬೇಳೆಬಾತ್ ಅನ್ನೋದು. ನಿಮ್ಮ ಕಡೆ ಗೊತ್ತಿರಲ್ಲ ಬಿಡು."

ಅವರ ಪ್ರಕಾರ ನನಗೆ ಅರ್ಥವಾಗದಿರುವುದಕ್ಕೆ ಪರದೆಯೇ ಕಾರಣ, ಅದು ಚಿಕ್ಕದು. ಇಡೀ ಮೆಥಡ್ ಒಮ್ಮೆಲೇ ಕಂಡರೆ ಅದರ ಅಂದ ತಾನೇ ತಿಳಿಯುತ್ತದೆ. ಹಾಗೆಂದು ಒಂದು ಬೆಳಗ್ಗೆ ಅದನ್ನು ಪೂರ್ತಿ ಪ್ರಿಂಟ್ ಮಾಡಿದರು. ಪ್ರಿಂಟರ್ ಮಧ್ಯೆ ಒಮ್ಮೆ ಕಾಗದ ಕೇಳಿತು. ಕಾನ್ಫರೆನ್ಸ್ ರೂಮಿನ ಗೋಡೆಗಳು ಗಾಜಿನವು, ಅವುಗಳ ಮೇಲೆ ಏನನ್ನೂ ಅಂಟಿಸಬಾರದೆಂದು ಬಿಲ್ಡಿಂಗಿನವರ ನಿಯಮ. ಉಳಿದದ್ದು ನೆಲ. ಟೇಬಲ್ಲನ್ನು ಮಡಚಿ ಗೋಡೆಗೆ ಒರಗಿಸಿದೆವು. ಇಬ್ಬರೂ ಬಾಗಿಲ ಹೊರಗೆ ಶೂ ಬಿಚ್ಚಿಟ್ಟೆವು. ಬಿಚ್ಚೋಣ ಎಂದು ಒಬ್ಬರಿಗೊಬ್ಬರು ಹೇಳಲಿಲ್ಲ. ಅಕ್ಷರವಿರುವ ಕಾಗದ ಹಾಸುವ ಜಾಗಕ್ಕೆ ಶೂ ಹಾಕಿಕೊಂಡು ಹೋಗುವುದು ಇಬ್ಬರಿಗೂ ಹೊಳೆಯಲೇ ಇಲ್ಲ.

ಸರ್ ಬಾಗಿಲ ಕಡೆಯಿಂದ ಶುರು ಮಾಡಿ, ಮೊಣಕಾಲೂರಿಕೊಂಡು, ಹಿಂದೆ ಹಿಂದೆ ಸರಿಯುತ್ತಾ ಹಾಳೆಯ ಪಕ್ಕಕ್ಕೆ ಹಾಳೆ ಜೋಡಿಸುತ್ತಾ ಹೋದರು. ನಾನು ಬಾಗಿಲಲ್ಲಿ ನಿಂತು ಸಾಲು ಓರೆಯಾದರೆ ಹೇಳುತ್ತಿದ್ದೆ. ಕಾರ್ಪೆಟ್ಟು ಅಂಚಿನಿಂದ ಅಂಚಿಗೆ ಮುಚ್ಚಿಹೋಯಿತು. ಕೊನೆಯ ಹಾಳೆ ಇಟ್ಟು ಎದ್ದು ನಿಂತಾಗ ಸರ್ ಆಚೆ ಮೂಲೆಯಲ್ಲಿ ಕಿಟಕಿಗೆ ಬೆನ್ನು ತಾಗಿಸಿ ನಿಂತಿದ್ದರು.

"ನೋಡಮ್ಮಾ, ಎಷ್ಟು ಚೆನ್ನಾಗಿ ಕಾಣುತ್ತೆ!"

"ಕಾಣ್ತೈತ್ರಿ ಸರ. ನೀವು ಹೊರಗ ಹೆಂಗ ಬರ್ತೀರಿ?"

ಸರ್ ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಒಂದು ಕಾಲೆತ್ತಿದರು, ಹಾಗೆಯೇ ಗಾಳಿಯಲ್ಲಿ ಹಿಡಿದರು, ಮತ್ತೆ ಇದ್ದಲ್ಲೇ ಇಟ್ಟರು.

"ಕಾಲಿಡಕ್ಕೆ ಜಾಗ ಇಲ್ವಲ್ಲಮ್ಮಾ."

"ಒಂದ ಸಲ ತುಳದ್ ಬಂದ್ಬಿಡ್ರಿ ಸರ, ಯಾರೂ ನೋಡಂಗಿಲ್ಲ" ಎಂದೆ. ಮಾತು ಬಾಯಿಂದ ಬಿದ್ದ ಕೂಡಲೇ ನನಗೇ ಕಸಿವಿಸಿಯಾಯಿತು.

"ನೀನು ತುಳಿ ನೋಡೋಣ?"

ನಾನು ತುಳಿಯಲಿಲ್ಲ.

ಒಂದು ಹಾಳೆ ಪಕ್ಕಕ್ಕೆ ಸರಿಸಬಹುದಿತ್ತು. ಆದರೆ ಯಾವ ಹಾಳೆ? ನಾನು ಒಂದಕ್ಕೆ ಕೈ ಹಾಕಿದರೆ ಸರ್ ಕಿಟಕಿಯಿಂದ ಕೂಗುತ್ತಿದ್ದರು: "ಅದಲ್ಲ, ಅದಲ್ಲ! ಅದು ಮುಂದಿನ ಹಾಳೆಗೆ ಬೇಕು. ಅದನ್ನ ಸರಿಸಿದ್ರೆ ಓದೋದು ಹೇಗೆ?" ಇನ್ನೊಂದಕ್ಕೆ ಕೈ ಹಾಕಿದರೆ ಅದು ಹಿಂದಿನ ಸಾಲಿನ ನಾಯಿಗೆ ಬೇಕು. ಕೊನೆಗೆ ಅವರು ಕುಕ್ಕರುಗಾಲಲ್ಲಿ ಕುಳಿತು, ತಲೆಕೆಳಗಾದ ಅಕ್ಷರಗಳನ್ನು ಓದುತ್ತಾ ಬಹಳ ಹೊತ್ತು ಯೋಚಿಸಿದರು.

"ಇಲ್ಲಿ" ಎಂದರು. "ಈ ಹಾಳೆ ಅರ್ಧದಲ್ಲಿ ಚಳಿ ಲೆಕ್ಕ ಮುಗಿಯುತ್ತೆ. ಇಲ್ಲಿಂದ ಆಚೆಗೆ ಅದರಿಂದ ಹೋಗೋದು ಒಂದೇ ಒಂದು ಸಂಖ್ಯೆ. ಇಲ್ಲಿ ಬಿಡಿಸಿದ್ರೆ ನೋವಾಗಲ್ಲ."

ನಾನು ಕತ್ತರಿ ತಂದು ಅವರತ್ತ ಎಸೆದೆ. ಅವರು ಆ ಸಾಲಿನಲ್ಲಿ ಹಾಳೆಯನ್ನು ಕತ್ತರಿಸಿ ಎರಡೂ ಕಡೆಯ ಕಾಗದಗಳನ್ನು ಸರಿಸಿದರು. ಒಂದು ಪಾದದಗಲ ಕಾರ್ಪೆಟ್ ಕಂಡಿತು. ಸರ್ ಅದರಲ್ಲಿ ಕಾಲಿಟ್ಟರು.

"ಸರ, ನೀವು ಹಿಂದ ಬಿಟ್ಟ ಬಂದ್ರಲ್ರಿ, ಆ ತುಂಡಿಗೆ ಒಂದ ಹೆಸರ ಇಡೋಣ್ರಿ?"

ಅವರು ತಿರುಗಿ ನೋಡಿದರು. ಕಾಗದದ ಒಂದು ಸಣ್ಣ ದ್ವೀಪ. ಅದರೊಳಗೆ ಚಳಿಯ ಲೆಕ್ಕ ಮಾತ್ರ, ಬೇರೇನಿಲ್ಲ.

"ನಿಮ್ಮ ಧಾರವಾಡ ಕಡೆಯವರ ಹತ್ರ ಮಾತಾಡಬಾರದು" ಎಂದರು ಸರ್. ಆದರೆ ಹೆಸರು ಅವರೇ ಹೇಳಿದರು, ನಾನು ಹಳದಿ ಚೀಟಿಯಲ್ಲಿ ಬರೆದಿಟ್ಟುಕೊಂಡು, ದಾರಿಯಾದ ಮೇಲೆ ಅದರ ಮೇಲೆ ಅಂಟಿಸಿದೆ. ಮುಂದಿನ ಹೆಜ್ಜೆಗೆ ಮತ್ತೊಂದು ಸಂದು ಹುಡುಕಬೇಕಾಯಿತು. ಬಾಗಿಲಿಗೆ ಬರುವ ಹೊತ್ತಿಗೆ ಅವರ ಹಿಂದೆ ಅಂಥ ದ್ವೀಪಗಳ ಒಂದು ಸಾಲೇ ಇತ್ತು. ವರ್ಷಗಟ್ಟಲೆ ಯಾರು ಹೇಳಿದರೂ ಒಡೆಯದ ಮೆಥಡನ್ನು, ಊಟಕ್ಕೆ ಹೊರಗೆ ಬರಬೇಕೆಂಬ ಒಂದೇ ಕಾರಣಕ್ಕೆ ಅವರು ತಾವಾಗಿಯೇ ಒಡೆದರು. ಇದನ್ನು ನಾನು ಉತ್ಪ್ರೇಕ್ಷೆ ಮಾಡಿ ಹೇಳುತ್ತಿಲ್ಲ.

ಆಮೇಲೆ ಅವರಿಗೆ ಹುಮ್ಮಸ್ಸು ಬಂತು. ನಾನು ಮನೆಯಿಂದ ಬಣ್ಣಬಣ್ಣದ ಉಲ್ಲನ್ ದಾರ ತಂದೆ. ಒಂದು ಹಾಳೆಯಲ್ಲಿ ಹುಟ್ಟಿದ ಸಂಖ್ಯೆ ಎಲ್ಲೆಲ್ಲಿ ಬಳಕೆಯಾಗುತ್ತದೋ ಅಲ್ಲಿಗೆಲ್ಲ ದಾರ ಎಳೆದೆವು. ಎಲ್ಲಿ ಕಡಿಮೆ ದಾರ ದಾಟುತ್ತದೋ ಅಲ್ಲಿ ಕತ್ತರಿ, ಅಲ್ಲಿ ಕಾಲುದಾರಿ. ನಾಯಿಗೆ ಕೆಂಪು ದಾರ. ಅದು ಕೋಣೆಯ ನಾಲ್ಕೂ ಮೂಲೆಗೆ ಹೋಗಿ ನಮ್ಮ ಕಾಲಿಗೇ ಸುತ್ತಿಕೊಂಡಾಗ, ಚದುರಿದ ನಾಯಿಗಳನ್ನೆಲ್ಲ ಒಂದೇ ತುಂಡಿಗೆ ಸೇರಿಸಿದೆವು. ಒಂದೊಂದು ತುಂಡನ್ನೂ ಕಂಪ್ಯೂಟರಿನಲ್ಲಿ ಬೇರೆ ಮೆಥಡ್ ಮಾಡಿ, ಕಳೆದ ಚಳಿಗಾಲದ ಮನೆಗಳ ಲೆಕ್ಕದ ಮೇಲೆ ಹಳೆಯ ಮೆಥಡನ್ನೂ ಹೊಸದನ್ನೂ ಓಡಿಸಿ, ಉತ್ತರ ಒಂದೇ ಬರುತ್ತದೆಂದು ನೋಡಿದ ಮೇಲೆಯೇ ಮುಂದಿನ ತುಂಡಿಗೆ ಕೈ ಹಾಕುತ್ತಿದ್ದೆವು. ಸರ್ ಹೆಂಡತಿಗೆ ಫೋನ್ ಮಾಡಿ ಟಿಕೆಟ್ ನೋಡು ಎಂದರು. ಆಕೆ ನಂಬಲಿಲ್ಲ.

ಮ್ಯಾನೇಜರ್ ಬಂದದ್ದು ಆಗ.

ಹೊರಗೆ ಹಿಮ ಬಿದ್ದಿತ್ತು. ಪಾರ್ಕಿಂಗ್ ಲಾಟಿಗೆಲ್ಲ ಹಿಮ ಕರಗಲೆಂದು ಉಪ್ಪು ಎರಚಿದ್ದರು. ಅವನು ನಮ್ಮ ಉತ್ಸಾಹದ ಸುದ್ದಿ ಕೇಳಿ ಕಾರಿನಿಂದ ಇಳಿದವನೇ ನೇರ ಕೋಣೆಗೆ ಬಂದ. ನಮ್ಮ ಕಾಲುದಾರಿಗಳು ಅವನ ಕಣ್ಣಿಗೆ ಬೀಳಲಿಲ್ಲ. ದೊಡ್ಡ ಬೂಟು, ಉಪ್ಪಿನ ಕೆಸರಿನ ಬೂಟು, ವಯಸ್ಸಾದವರಿರುವ ಮನೆಗಳ ತುಂಡಿನ ನಟ್ಟನಡುವೆ ಬಿತ್ತು.

ನಾನು ಬಾಗಿಲ ಪಕ್ಕದಲ್ಲಿದ್ದೆ, ಸರ್ ಅವರ ಮುಖ ಪೂರ್ತಿ ಕಾಣುತ್ತಿತ್ತು. ಅವರು "ಅಯ್ಯೋ" ಎಂದರು. ಬಗ್ಗಿ ಆ ಹಾಳೆಯನ್ನು ಬೂಟಿನ ಕೆಳಗಿಂದ ಎಳೆದು ಎರಡೂ ಕಣ್ಣಿಗೆ ಒತ್ತಿಕೊಂಡರು. ತುಳಿದದ್ದು ಅವರಲ್ಲ; ಆದರೂ ಯಾರಾದರೂ ಒತ್ತಿಕೊಳ್ಳಲೇಬೇಕಿತ್ತು. ಹಾಳೆ ಒದ್ದೆಯಾಗಿತ್ತು. ಒದ್ದೆ ಎಂದರೆ ರಸ್ತೆಯ ಉಪ್ಪಿನ ನೀರು. ಮರುಕ್ಷಣವೇ ಸರ್ ಕಣ್ಣುಗಳಿಂದ ನೀರು ದಳದಳನೆ ಸುರಿಯತೊಡಗಿತು. ಮೂಗೂ ಸೇರಿಕೊಂಡಿತು. ಅವರು ಹಾಳೆಯನ್ನು ಎದೆಗೆ ಅವಚಿಕೊಂಡು, ಕಣ್ಣು ಬಿಡಲಾಗದೆ, ಬಾಯಲ್ಲಿ ಉಸಿರಾಡುತ್ತಾ ನಿಂತರು.

ಮ್ಯಾನೇಜರ್ ಬಿಳಿಚಿಕೊಂಡ. ಬಂದ ದಾರಿಯಲ್ಲೇ ಹೆಜ್ಜೆ ಹಿಂದೆ ಹಿಂದೆ ಇಡುತ್ತಾ, ಇನ್ನೂ ನಾಲ್ಕು ಹಾಳೆ ತುಳಿದು, ಹೊರಗೆ ಹೋಗಿ ಗಾಜಿನ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಮರುದಿನ ನಮ್ಮಿಬ್ಬರನ್ನೂ ತನ್ನ ಕೋಣೆಗೆ ಕರೆದ. ತಗ್ಗಿದ ದನಿಯಲ್ಲಿ ಹೇಳಿದ: "ನನ್ನನ್ನು ಕ್ಷಮಿಸಿ. ಆ ಕೋಡ್ ನಿಮಗೆ ಏನು ಎಂದು ನನಗೆ ತಿಳಿದಿರಲಿಲ್ಲ. ನಿಮ್ಮಿಂದ ಅದನ್ನು ಕಿತ್ತುಕೊಳ್ಳುವ ಮನುಷ್ಯ ನಾನಲ್ಲ. ಕತ್ತರಿಸುವುದನ್ನು ಇಲ್ಲಿಗೇ ನಿಲ್ಲಿಸೋಣ. ನೀವು ಎಷ್ಟು ವರ್ಷ ಬೇಕಾದರೂ ಇಲ್ಲೇ ಇರಬಹುದು. ಮಾಲೀಕರ ಹತ್ತಿರವೂ ಮಾತಾಡಿದ್ದೇನೆ."

ಸರ್ ನನ್ನ ಮುಖ ನೋಡಿದರು. ಅಂದು ಬೆಳಗ್ಗೆ ತಾನೇ ಅವರ ಹೆಂಡತಿ ಟಿಕೆಟ್ ಬುಕ್ ಮಾಡಿದ್ದರು.

"ಅದು ಅಳು ಅಲ್ಲ, ಉಪ್ಪು" ಎಂದು ಸರ್ ಇಂಗ್ಲಿಷಿನಲ್ಲಿ ಹೇಳಿದರು.

"ಖಂಡಿತ, ಉಪ್ಪು" ಎಂದ ಮ್ಯಾನೇಜರ್, ಬಹಳ ಮೆತ್ತಗೆ. "ನಮ್ಮಪ್ಪ ಅತ್ತಾಗ ಅಲರ್ಜಿ ಅನ್ನುತ್ತಿದ್ದರು."

ನಾನು ಮಧ್ಯೆ ಬಾಯಿ ಹಾಕಿ ನಮ್ಮಲ್ಲಿ ಕಾಗದಕ್ಕೆ ಕಾಲು ತಾಗಿಸುವುದಿಲ್ಲ, ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ ಎಂದು ಹೇಳಿದೆ. ಅವನು ತಲೆದೂಗಿದ. ಸ್ನೇಹಿತನ ಮಾನ ಉಳಿಸಲು ಸುಳ್ಳು ಹೇಳುವವಳನ್ನು ಮೆಚ್ಚಿ ತಲೆದೂಗುವಂತಿತ್ತು ಅದು. ಸರ್ ಕನ್ನಡಕ್ಕೆ ತಿರುಗಿದರು: "ಮುಗೀತು ಕಣಮ್ಮಾ. ಇವನು ನನ್ನನ್ನ ಇಲ್ಲೇ ಮಣ್ಣು ಮಾಡ್ತಾನೆ."

ನಾನು ಗಾಬರಿಯಲ್ಲಿ ಎದ್ದು ನಿಂತೆ. ಕುರ್ಚಿ ಟೇಬಲ್ಲಿಗೆ ತಾಗಿ, ಮೇಲಿದ್ದ ಟಪಾಲಿನ ಗುಡ್ಡೆ ಜಾರಿತು. ಏನೋ ಕಾಲಿಗೆ ತಾಗಿದಂತಾಯಿತು. ಬಗ್ಗಿ ತೆಗೆದು ಕಣ್ಣಿಗೊತ್ತಿಕೊಂಡು ಟೇಬಲ್ ಮೇಲಿಟ್ಟೆ, ಮಾತು ಮುಂದುವರಿಸಿದೆ.

ಮ್ಯಾನೇಜರ್ ನನ್ನ ಮಾತು ಕೇಳುತ್ತಿರಲಿಲ್ಲ. ಅವನು ನಾನಿಟ್ಟ ಕಾಗದವನ್ನು ನೋಡುತ್ತಿದ್ದ. ಅದು ಪಿಜ್ಜಾ ಅಂಗಡಿಯ ಜಾಹೀರಾತು. ಒಂದು ಕೊಂಡರೆ ಇನ್ನೊಂದು ಅರ್ಧ ಬೆಲೆಗೆ.

ಅವನು ಏನೂ ಹೇಳದೆ ಕಾರ್ ವಾಷಿನ ಕೂಪನ್ ಒಂದನ್ನು ನೆಲಕ್ಕೆ ಬಿಟ್ಟು, ಬೂಟಿನ ತುದಿಯಿಂದ ಸರ್ ಶೂ ಕಡೆಗೆ ತಳ್ಳಿದ. ತಾಗಿತು. ಸರ್ "ಥೂ, ಏನಯ್ಯ ಇವನು" ಎಂದು ಗೊಣಗುತ್ತಾ ಅದನ್ನು ತೆಗೆದು ಕಣ್ಣಿಗೊತ್ತಿಕೊಂಡರು.

"ಇದನ್ನೂ?" ಎಂದ ಮ್ಯಾನೇಜರ್.

"ಇದನ್ನೂ."

ಅವನು ಹುಡುಕಾಡಿ, ಕಾಫಿ ಜೊತೆ ಬಂದಿದ್ದ ಪೇಪರ್ ನ್ಯಾಪ್ಕಿನ್ ಒಂದನ್ನು ಕೆಳಗೆ ಹಾಕಿದ. ಕಾಲಿಗೆ ತಾಗಿದರೂ ಸರ್ ಅದನ್ನು ಎತ್ತಿಕೊಳ್ಳಲಿಲ್ಲ.

"ಸರ, ಅದರ ಮ್ಯಾಲ ಅಂಗಡಿ ಹೆಸರೈತ್ರಿ."

"ಕೈ ಒರೆಸೋದಮ್ಮಾ ಅದು."

"ಅಕ್ಷರ ಅಕ್ಷರನ ಅಲ್ರಿ?"

"ಹಾಗಂತ ಮೂತಿ ಒರೆಸಿದ್ದನ್ನೆಲ್ಲಾ ಕಣ್ಣಿಗೆ ಒತ್ಕೊಳಕ್ಕಾಗುತ್ತಾ? ನೀನು ಒತ್ಕೊ ಬೇಕಾದ್ರೆ."

ಮಾತು ತಿಳಿಯದಿದ್ದರೂ ಜಗಳ ತಿಳಿಯಿತು. ಯಾರೂ ನಾಟಕಕ್ಕಾಗಿ ನ್ಯಾಪ್ಕಿನ್ ಬಗ್ಗೆ ಅಷ್ಟು ವಾದ ಮಾಡುವುದಿಲ್ಲ. ಮ್ಯಾನೇಜರ್ ಕುರ್ಚಿಗೆ ಒರಗಿ ಸರ್ ಅವರನ್ನು ಕೇಳಿದ: "ಹಾಗಾದರೆ ಆ ಕೋಡ್ ಮೇಲೆ ನಿಮಗೆ ಪ್ರೀತಿ ಇಲ್ಲವೇ?"

ಸರ್ ಇಂಗ್ಲಿಷಿಗೆ ತಿರುಗಿದರು. "ನನಗೆ ಅದನ್ನು ಕಂಡರೆ ಆಗುವುದಿಲ್ಲ" ಎಂದರು. "ಪ್ರತಿ ಚಳಿಗಾಲವೂ ಅದರ ಮುಂದೆ ಕೈಕಟ್ಟಿ ಕೂತಿದ್ದೇನೆ. ನನ್ನ ಮಗಳಿಗೆ ಮಗು ಆಗುತ್ತಿದೆ. ನನ್ನನ್ನು ಬಿಡಿ."

ಮ್ಯಾನೇಜರ್ ಒಪ್ಪಿದ; ಷರತ್ತು ಮಾತ್ರ ಹಳೆಯದೇ. ಉಳಿದ ತುಂಡುಗಳನ್ನೂ ಮುಗಿಸಿದ ಮೇಲೆ, ಪರೀಕ್ಷೆಗೆ ನಾನೊಬ್ಬಳೇ ಕಾನ್ಫರೆನ್ಸ್ ರೂಮಿಗೆ ಹೋದೆ. ಸರ್ ಗಾಜಿನ ಗೋಡೆಯ ಹೊರಗೆ. ಮ್ಯಾನೇಜರ್ ಈ ಸಲ ಬೂಟು ಬಿಚ್ಚಿ ಬಂದ, ಸಾಕ್ಸಿನಲ್ಲಿ ತೂತಿತ್ತು. ನಾನು ಪರದೆಯ ಮೇಲೆ ಹೊಸ ಮೆಥಡನ್ನು ತೋರಿಸಿದೆ. ಅದರಲ್ಲಿ ಉಳಿದಿದ್ದುದು ತುಂಡುಗಳ ಹೆಸರುಗಳು ಮಾತ್ರ, ಒಂದರ ಕೆಳಗೊಂದು. ಅವನು ಗಟ್ಟಿಯಾಗಿ ಓದಿದ: ಚಳಿಯ ಲೆಕ್ಕ ಹಾಕು. ಟ್ಯಾಂಕಿನಲ್ಲಿ ಉಳಿದದ್ದನ್ನು ಅಂದಾಜು ಮಾಡು. ಕಾಯಲಾಗದ ಮನೆಗಳನ್ನು ಮುಂದೆ ತಾ. ಟ್ರಕ್ ಹೋಗಲಾಗದ ಮನೆಗಳನ್ನು ಬೇರೆ ಇಡು. ಉಳಿದವನ್ನು ಟ್ರಕ್ಕುಗಳಿಗೆ ಹಂಚು.

"ನಾಯಿ ಎಲ್ಲಿ?"

ನಾನು ನಾಲ್ಕನೆಯ ಹೆಸರನ್ನು ಒತ್ತಿ ಒಳಗಿನ ತುಂಡನ್ನು ತೆರೆದೆ. "ಇಲ್ಲಿ."

"ಬೇರೆ ಎಲ್ಲೂ ಇಲ್ಲವೇ?"

"ಇಲ್ಲ."

ಹೊರಗೆ ಸರ್ ತಡೆಯಲಾಗದೆ ಎರಡೂ ಕೈಯಿಂದ ನಾಯಿಯ ಕಿವಿ ಮಾಡಿ ತೋರಿಸುತ್ತಿದ್ದರು. ಮ್ಯಾನೇಜರ್ ಎದ್ದು ಹೋಗಿ ಗಾಜಿನ ಗೋಡೆಯ ಕರ್ಟನ್ ಇಳಿಬಿಟ್ಟ. ಮತ್ತೆ ಬಂದು ಕುಳಿತು ಇನ್ನೊಂದೆರಡು ಪ್ರಶ್ನೆ ಕೇಳಿದ. ನನ್ನ ಬೆರಳಿಗೆ ದಾರಿ ಗೊತ್ತಿತ್ತು. ಕೊನೆಗೆ ಅವನೇ ಒಂದು ಮನೆಯನ್ನು ಊಹಿಸಿಕೊಂಡು, ಮೇಲಿಂದ ಕೆಳಗೆ ಬೆರಳಿಟ್ಟು ಓದುತ್ತಾ ಹೋಗಿ, ಟ್ರಕ್ ಯಾವ ದಿನ ಬರುತ್ತದೆಂದು ತಾನೇ ಹೇಳಿದ. ಹೇಳಿದ ಮೇಲೆ ನನಗಿಂತ ಅವನಿಗೇ ಹೆಚ್ಚು ಆಶ್ಚರ್ಯವಾಯಿತು.

ಸರ್ ಒಳಗೆ ಬಂದು ಪರದೆಯನ್ನು ಮೇಲಿಂದ ಕೆಳಗೆ ಓದಿದರು. ಅವರು ಸಂತೋಷಪಡುತ್ತಾರೆಂದು ನಾನು ಕಾದಿದ್ದೆ.

"ಇಷ್ಟೇನಾ?" ಎಂದರು.

"ಇಷ್ಟ್ರಿ ಸರ. ಎಲ್ಲಾ ನೀವ ಬರದದ್ದು."

"ಇಷ್ಟೇ ಆಗಿದ್ರೆ ಇಷ್ಟು ವರ್ಷ ಎಲ್ಲರನ್ನೂ ಯಾಕೆ ಹೆದರಿಸಿದೆ ನಾನು?" ಎಂದು ನಕ್ಕರು. ನಗು ಪೂರ್ತಿ ಬರಲಿಲ್ಲ. ಆ ವಾರವೇ ನೆವಾರ್ಕಿನಿಂದ ವಿಮಾನ ಹತ್ತಿದರು, ಮಗು ಹುಟ್ಟುವ ಮೊದಲೇ ತಲುಪಿದರು.

ಅವರು ಹೋದ ಮೇಲೆ ಮೊದಲ ಸಲ ಕಡು ಚಳಿ ಬಿದ್ದ ಬೆಳಗ್ಗೆ ನನ್ನ ಫೋನ್ ರಿಂಗಾಯಿತು. ಸಿಯಾಟಲ್‌ನಲ್ಲಿ ಇನ್ನೂ ಬೆಳಕಾಗಿರಲಿಲ್ಲ.

"ಏನಮ್ಮಾ, ಅಲ್ಲಿ ತುಂಬಾ ಕೋಲ್ಡ್ ಅಂತೆ?"

"ಹೌದ್ರಿ ಸರ."

"ಏನೂ ತೊಂದರೆ ಆಗಿಲ್ವಾ?"

ಆಗಿತ್ತು. ಅದೇ ಹೊತ್ತಿಗೆ ಇನ್ನೊಂದು ಲೈನಿನಲ್ಲಿ ಒಬ್ಬ ಟ್ರಕ್ ಡ್ರೈವರ್ ಕಾಯುತ್ತಿದ್ದ. ಒಂದೇ ಮನೆಗೆ ಬೆಳಗ್ಗೆ ಎರಡು ಟ್ರಕ್ ಕಳಿಸಿದ್ದೀರಿ, ಮನೆಯಾಕೆ ನೈಟ್‌ಗೌನಿನಲ್ಲಿ ಬಾಗಿಲಿಗೆ ಬಂದು ಬೈಯುತ್ತಿದ್ದಾಳೆ ಎಂದು ಅವನ ದೂರು.

"ಏನೂ ಇಲ್ರಿ ಸರ" ಎಂದೆ.

"ಸ್ವಲ್ಪವೂ?"

"ಸ್ವಲ್ಪನೂ ಇಲ್ರಿ."

ಆಚೆಯಿಂದ ಮಗು ಕಿರುಚಿದ್ದು ಕೇಳಿಸಿತು, ಸರ್ ಹೆಂಡತಿ ಏನೋ ಕೂಗಿದರು.

"ನನ್ನನ್ನ ಕೇಳಿದ್ರೆ ಹೇಳ್ತೀನಮ್ಮಾ, ಸಂಕೋಚ ಪಡಬೇಡ. ಅಕಸ್ಮಾತ್ ಏನಾದ್ರೂ..."

"ರೀ, ಡೈಪರ್!" ಎಂಬ ದನಿ ಈಗ ಸ್ಪಷ್ಟವಾಗಿ ಕೇಳಿಸಿತು.

"ಹೋಗ್ರಿ ಸರ, ಕರೀಲಿಕ್ಹತ್ತಾರ."

ಫೋನಿಟ್ಟು ಡ್ರೈವರನಿಗೆ ಸ್ವಲ್ಪ ತಾಳು ಎಂದೆ. ಮನೆಗಳನ್ನು ಟ್ರಕ್ಕುಗಳಿಗೆ ಹಂಚುವ ತುಂಡನ್ನು ತೆರೆದೆ. ಅದು ಪರದೆಯ ಅರ್ಧಕ್ಕೇ ಮುಗಿಯುತ್ತಿತ್ತು. ಆ ಮನೆಯವರು ಚಳಿಗಾಲಕ್ಕೆ ಮುಂಚೆ, ಫಾಲ್‌ನಲ್ಲಿ ಎರಡನೆಯ ಟ್ಯಾಂಕ್ ಹಾಕಿಸಿದ್ದರು. ಒಂದೇ ಮನೆಯಲ್ಲಿ ಎರಡು ಟ್ಯಾಂಕ್ ಕಂಡರೆ ಆ ತುಂಡು ಎರಡು ಮನೆಯೆಂದು ಎಣಿಸುತ್ತಿತ್ತು. ತಪ್ಪಿದ್ದ ಸಾಲು ಎದುರಿಗೇ ಇತ್ತು. ಡ್ರೈವರನನ್ನು ಮುಂದಿನ ಮನೆಗೆ ಕಳಿಸಿ, ಆ ಸಾಲನ್ನು ಸರಿಮಾಡಿದೆ. ಸಿಯಾಟಲ್‌ಗೆ ಈ ಸುದ್ದಿಯನ್ನು ಇದುವರೆಗೂ ಹೇಳಿಲ್ಲ.